ಅಂಗೈಯಗಲದ ಕುರುಕ್ಷೇತ್ರ

ಹಳೇ ವಿಡಿಯೋ ಗೇಮ್ ಒಂದಕ್ಕೆ ಹೊಸ ಬಣ್ಣ ಬಳಿದು ಮತ್ತೆ ಮಾರುಕಟ್ಟೆಗೆ ಬಿಟ್ಟಾಗ ಎರಡು ಥರದ ಮಾತು ಕೇಳಿಬರುತ್ತೆ. "ದುಡ್ಡು ಮಾಡೋ ದಾರಿ ಬಿಡ್ರೀ" ಅನ್ನೋರು ಒಂದು ಕಡೆ, "ಏನೇ ಹೇಳಿ, ಹಳೇದೇ ಚೆನ್ನಾಗಿತ್ತು" ಅನ್ನೋರು ಇನ್ನೊಂದು ಕಡೆ. ಫೈನಲ್ ಫ್ಯಾಂಟಸಿ 4 ಅನ್ನೋ ಆಟದ ವಿಷಯದಲ್ಲಿ ನನ್ನದು ಈ ಎರಡೂ ಅಲ್ಲ. ಅದು ಕಥೆ ಮೊದಲೇ ಗೊತ್ತಿದ್ದವರಿಗೆ ಹೆಚ್ಚು ರುಚಿಸೋ ಆಟ. ಅದನ್ನ ಅರ್ಥ ಮಾಡಿಕೊಂಡು ಮಾಡಿದ್ದು ನಿಂಟೆಂಡೊ ಡಿಎಸ್ ಅನ್ನೋ ಕೈಯಾಟದ ಯಂತ್ರಕ್ಕೆ ಬಂದ ಮರುರೂಪ. ಗೊತ್ತಿರೋ ಕಥೆಯನ್ನ ಮತ್ತೆ ಮತ್ತೆ ನೋಡೋದ್ರಲ್ಲಿ ಏನು ಸುಖ ಅಂತ ನಮ್ಮ ಹಾಸನ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ವರ್ಷಾ ವರ್ಷಾ ಅದೇ ಕುರುಕ್ಷೇತ್ರ ನಾಟಕ ನೋಡೋ ಜನ ನಾವು. ಹಾಗಿದ್ರೂ ಈ ಆಟ ನಮ್ಮೂರಿನ ಮಕ್ಕಳ ಹತ್ರ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನೋದೇ ನನ್ನ ತಕರಾರು. ಬರಹ ಸ್ವಲ್ಪ ಉದ್ದ ಆಗುತ್ತೆ, ಕಾಫಿ ತಂದಿಟ್ಟುಕೊಂಡು ಕೂತ್ಕೊಳ್ಳಿ :)

ಗೇಮ್ ಆಡದವರಿಗಾಗಿ ಒಂದೆರಡು ಮಾತು. ಇದು ಜಪಾನಿನ ಸ್ಕ್ವೇರ್ ಕಂಪನಿ 1991ರ ಜುಲೈನಲ್ಲಿ ಸೂಪರ್ ಫ್ಯಾಮಿಕಾಮ್ ಯಂತ್ರಕ್ಕೆ ತಂದ ಆಟ. ಇಂಥವನ್ನ ರೋಲ್ ಪ್ಲೇಯಿಂಗ್ ಗೇಮ್ ಅಂತಾರೆ, ಅಂದ್ರೆ ಪಾತ್ರ ವಹಿಸೋ ಆಟ. ಮಾರಿಯೋ ಥರ ಎಗರೋದು, ಕಾಂಟ್ರಾ ಥರ ಗುಂಡು ಹೊಡೆಯೋದು ಇಲ್ಲಿಲ್ಲ. ಊರೂರು ಸುತ್ತಬೇಕು, ಜನರ ಹತ್ರ ಮಾತಾಡಬೇಕು, ಅವರು ಹೇಳಿದ್ದನ್ನ ಓದಬೇಕು. ಜಗಳ ಬಂದಾಗ "ಹೊಡಿ", "ಮಂತ್ರ ಹಾಕು", "ಔಷಧಿ ಕೊಡು" ಅಂತ ಪಟ್ಟಿಯಿಂದ ಆರಿಸಬೇಕು. ಮೂವತ್ತು ನಲವತ್ತು ಗಂಟೆ ಹಿಡಿಯುತ್ತೆ. ಹೆಚ್ಚುಕಮ್ಮಿ ಒಂದು ದಪ್ಪ ಕಾದಂಬರಿ ಓದಿದ ಹಾಗೆ, ನಡುನಡುವೆ ಕುಸ್ತಿ ಇರುತ್ತೆ ಅಷ್ಟೆ.

ತೊಂಬತ್ತರ ದಶಕದಲ್ಲಿ ಹಾಸನದಲ್ಲಿ ಬೆಳೆದ ನಮಗೆ ವಿಡಿಯೋ ಗೇಮ್ ಅಂದ್ರೆ ಟಿವಿಗೆ ಸಿಕ್ಕಿಸೋ ಪ್ಲಾಸ್ಟಿಕ್ ಡಬ್ಬ, ವೈರ್ ಇರೋ ಎರಡು ರಿಮೋಟು, ಜೊತೆಗೆ "9999 ಇನ್ 1" ಅಂತ ಬರೆದಿರೋ ಕ್ಯಾಸೆಟ್ಟು. ಕಾರ್ಟ್ರಿಜ್ ಅಂತ ಯಾರೂ ಅಂತಿರಲಿಲ್ಲ, ಕ್ಯಾಸೆಟ್ಟೇ. ಡಬ್ಬ ಜಪಾನಿನ ಫ್ಯಾಮಿಕಾಮ್ ಯಂತ್ರದ ನಕಲು. ಆ ಒಂಬತ್ತು ಸಾವಿರ ಚಿಲ್ಲರೆ ಆಟದಲ್ಲಿ ನಿಜವಾಗಿ ಬೇರೆ ಬೇರೆ ಇದ್ದದ್ದು ಕೈಬೆರಳಲ್ಲಿ ಎಣಿಸೋವಷ್ಟು, ಮಿಕ್ಕಿದ್ದೆಲ್ಲ ಅದೇ ಮಾರಿಯೋ ಮೂರನೇ ಲೆವೆಲ್ಲಿಂದ ಶುರು, ಅದೇ ಮಾರಿಯೋ ಐದನೇ ಲೆವೆಲ್ಲಿಂದ ಶುರು. ಆದ್ರೆ ಅಷ್ಟು ಕ್ಯಾಸೆಟ್ಟುಗಳಲ್ಲಿ ಒಂದರಲ್ಲೂ ನನಗೆ ಪಾತ್ರ ವಹಿಸೋ ಆಟ ಸಿಗಲಿಲ್ಲ. ಆಗ ಅದು ಹೊಳೆದಿರಲಿಲ್ಲ, ಈಗ ಯೋಚನೆ ಮಾಡಿದ್ರೆ ಕಾರಣ ಸ್ಪಷ್ಟ. ಇಂಥ ಆಟ ಒಂದೇ ಸಲಕ್ಕೆ ಮುಗಿಯಲ್ಲ, ಆಡಿದ್ದನ್ನ ಉಳಿಸಿಡಬೇಕು. ಹಾಗೆ ಉಳಿಸಿಡೋಕೆ ಅಸಲಿ ಕ್ಯಾಸೆಟ್ಟುಗಳ ಒಳಗೆ ಒಂದು ಬಿಲ್ಲೆ ಬ್ಯಾಟರಿ ಕೂರಿಸಿರ್ತಿದ್ರು. ಅಗ್ಗದ ನಕಲಿ ಕ್ಯಾಸೆಟ್ಟಿಗೆ ಬ್ಯಾಟರಿ ಯಾರು ಹಾಕ್ತಾರೆ? ಸಂಜೆ ಆರಕ್ಕೆ ಲೋಡ್ ಶೆಡ್ಡಿಂಗ್ ಆದ್ರೆ ಮಾರಿಯೋ ಮತ್ತೆ ಮೊದಲಿಂದ. ಇಪ್ಪತ್ತು ನಿಮಿಷದ ಆಟಕ್ಕೆ ಅದು ನಡೆಯುತ್ತೆ, ನಲವತ್ತು ಗಂಟೆ ಆಟಕ್ಕೆ ನಡೆಯಲ್ಲ.

ಎರಡನೇ ಕಾರಣ ಓದು. ಮಾರಿಯೋ ಆಡೋಕೆ ಅಕ್ಷರ ಬರಬೇಕಾಗಿಲ್ಲ. ಈ ಆಟಕ್ಕೆ ಇಂಗ್ಲೀಷೋ ಜಪಾನಿಯೋ ಬರಲೇಬೇಕು. ಮಾರಿಯೋ ಹಾಸನದ ತನಕ ಬಂದ, ಫೈನಲ್ ಫ್ಯಾಂಟಸಿ ಬರಲಿಲ್ಲ ಅಂದ್ರೆ ಅದು ನಮ್ಮ ಮಕ್ಕಳ ಅಭಿರುಚಿಯ ಪ್ರಶ್ನೆ ಅಲ್ಲವೇ ಅಲ್ಲ.

ನಾನು ಮೊದಲು ಆಡಿದ್ದು 2001-02ರ ಸುಮಾರಿಗೆ, ಅರಕಲಗೂಡಿನಲ್ಲಿ. ಅಲ್ಲಿ ಗೆಳೆಯನೊಬ್ಬನ ಮನೆಗೆ ಕಂಪ್ಯೂಟರ್ ಬಂದಿತ್ತು. ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದ್ತಿದ್ದ ಅವರ ಅಣ್ಣ ಒಂದು ಫ್ಲಾಪಿ ತಂದುಕೊಟ್ಟಿದ್ರು. ಇಡೀ ಆಟ ಒಂದು ಎಂಬಿ, ಫ್ಲಾಪಿಯಲ್ಲಿ 1.44 ಎಂಬಿ ಜಾಗ. ಇಡೀ ಮಹಾಯುದ್ಧ ಒಂದು ಫ್ಲಾಪಿಯಲ್ಲಿ ಕೂತು ಇನ್ನೂ ಜಾಗ ಮಿಕ್ಕಿತ್ತು! ಈಗ ಫೋನಲ್ಲಿ ತೆಗೆದ ಒಂದು ಫೋಟೋ ಅದಕ್ಕಿಂತ ದೊಡ್ಡದಿರುತ್ತೆ. ಶನಿವಾರ ಮಧ್ಯಾಹ್ನ ಹಾಸನದಿಂದ ಬಸ್ ಹತ್ತಿ ಹೋಗ್ತಿದ್ದೆ. ಕನ್ನಡ ಮೀಡಿಯಂ ಹುಡುಗರು ನಾವು, ಇಂಗ್ಲೀಷ್ ಅರ್ಧಂಬರ್ಧ. ಒಬ್ಬ ಕೀಬೋರ್ಡ್ ಒತ್ತೋದು, ಇನ್ನೊಬ್ಬ ಡಿಕ್ಷನರಿ ಹಿಡಿಯೋದು. ಅರ್ಥ ಆಗದ್ದನ್ನ ನಾವೇ ಕನ್ನಡದಲ್ಲಿ ತುಂಬಿಕೊಳ್ತಿದ್ವಿ.

ಕಥೆ ಹೀಗೆ. ಬ್ಯಾರನ್ ಅನ್ನೋ ರಾಜ್ಯದ ಸೇನಾನಾಯಕ ಸೆಸಿಲ್, ಕರಿ ಕವಚದ ವೀರ. ರಾಜನ ಅಪ್ಪಣೆ ಅಂತ ಹಾರೋ ಹಡಗುಗಳಲ್ಲಿ ಹೋಗಿ, ತಿರುಗಿ ಹೊಡೆಯದ ಮಂತ್ರವಾದಿಗಳ ಊರಿನಿಂದ ಒಂದು ಸ್ಫಟಿಕ ಕಿತ್ತುಕೊಂಡು ಬರ್ತಾನೆ. ಆಟ ಶುರುವಾಗೋದೇ ಅಲ್ಲಿ, ಗೆದ್ದು ವಾಪಸ್ ಬರೋವಾಗ, ಗೆದ್ದವರ ಮುಖ ಸಪ್ಪಗಿದ್ದಾಗ. "ನಾವು ಮಾಡಿದ್ದು ಸರೀನಾ?" ಅಂತ ಅವನು ರಾಜನನ್ನ ಕೇಳ್ತಾನೆ. ಕೇಳಿದ್ದಕ್ಕೆ ಅಧಿಕಾರ ಹೋಗುತ್ತೆ. ಒಂದು ಹಳ್ಳಿಗೆ ಉಂಗುರ ತಲುಪಿಸಿ ಬಾ ಅಂತ ಕಳಿಸ್ತಾರೆ. ಉಂಗುರ ತಲುಪಿದ ಕೂಡ್ಲೇ ಅದರಿಂದ ಬೆಂಕಿ ಎದ್ದು ಇಡೀ ಹಳ್ಳಿ ಸುಟ್ಟುಹೋಗುತ್ತೆ. ಉಳಿದವಳು ಒಬ್ಬಳೇ ಹುಡುಗಿ, ರಿಡಿಯಾ. ಅವಳ ಅಮ್ಮ ಸತ್ತಿದ್ದೂ ಇವನಿಂದಲೇ. ಆಮೇಲೆ ಅದೇ ಹುಡುಗಿಯನ್ನ ಜೊತೆಗೆ ಕರ್ಕೊಂಡು ಹೋಗಬೇಕು. ಆಡೋ ನಮ್ಮ ಕೈಯಲ್ಲೇ ಆ ಹಳ್ಳಿ ಸುಡುತ್ತೆ ಅನ್ನೋದನ್ನ ಗಮನಿಸಿ. ಬೇಡ ಅಂದ್ರೂ ಆಗಲ್ಲ, ಮುಂದೆ ಹೋಗೋಕೆ ಬೇರೆ ದಾರಿನೇ ಇಲ್ಲ.

ನನಗೆ ಈ ಆಟ ಇಷ್ಟ ಆಗೋದು ಲೆಕ್ಕಾಚಾರದಲ್ಲೇ ಕಥೆ ಹೇಳೋದ್ರಿಂದ. ಟೆಲ್ಲಾ ಅಂತ ಒಬ್ಬ ಮುದುಕ ಪಂಡಿತ ಇದ್ದಾನೆ. ಮಗಳನ್ನ ಕಳಕೊಂಡವನು. ಅವನ ಮಂತ್ರಶಕ್ತಿ 90ಕ್ಕಿಂತ ಮೇಲೆ ಏರೋದೇ ಇಲ್ಲ. ಎಷ್ಟು ಆಡಿಸಿ, ಎಷ್ಟು ಪಳಗಿಸಿ, 90 ಅಂದ್ರೆ 90. ಅವನು ಹುಡುಕಿಕೊಂಡು ಹೋಗಿ ಕಲಿಯೋ ಮೀಟಿಯೋರ್ ಅನ್ನೋ ಮಹಾಮಂತ್ರಕ್ಕೆ ಬೇಕಾಗಿರೋದು 99. ಪಟ್ಟಿಯಲ್ಲಿ ಆ ಮಂತ್ರ ಕಾಣುತ್ತೆ, ಒತ್ತೋಕೆ ಆಗಲ್ಲ. ಆಮೇಲೆ ಒಂದು ದಿನ ಅವನು ಹಾಕೇಬಿಡ್ತಾನೆ. ಕಮ್ಮಿ ಬಿದ್ದ ಒಂಬತ್ತನ್ನ ಎಲ್ಲಿಂದ ತಂದ ಅಂತ ಯಾರೂ ವಿವರಿಸಬೇಕಾಗಿಲ್ಲ. ಅದೇ ಥರ, ಸೆಸಿಲ್ ಕರಿ ಕವಚ ಕಳಚಿ ಬೆಳಕಿನ ವೀರ ಆಗಬೇಕಾದ್ರೆ ಬೆಟ್ಟದ ತುದಿಯಲ್ಲಿ ತನ್ನದೇ ಕರಿ ರೂಪದ ಎದುರು ನಿಲ್ಲಬೇಕು. ಅಲ್ಲಿ ಹೊಡೆದ್ರೆ ಗೆಲುವಿಲ್ಲ. ಸುಮ್ಮನೆ ಹೊಡೆತ ತಿಂತಾ ನಿಂತ್ರೆ ಗೆಲುವು. ಆ ತನಕ ಬರೀ ಹೊಡೆಯೋದನ್ನೇ ಕಲಿತಿದ್ದ ನಾವಿಬ್ರು ಅರಕಲಗೂಡಲ್ಲಿ ಅರ್ಧ ಗಂಟೆ ಪರದಾಡಿದ್ವಿ.

ಅವಳಿ ಮಕ್ಕಳು ಪಾಲೋಮ್ ಮತ್ತು ಪೋರೋಮ್ ವಿಷಯ ಹೇಳದೆ ಇದ್ರೆ ತಪ್ಪಾಗುತ್ತೆ. ಎರಡೂ ಕಡೆಯಿಂದ ಗೋಡೆ ಒತ್ತಿಕೊಂಡು ಬರೋವಾಗ, ದೊಡ್ಡವರು ಉಳೀಲಿ ಅಂತ ಈ ಇಬ್ಬರು ಪುಟಾಣಿಗಳು ತಾವಾಗೇ ಕಲ್ಲಾಗಿ ಗೋಡೆಗೆ ಅಡ್ಡ ನಿಲ್ತಾರೆ. ಟೆಲ್ಲಾ ಕಲ್ಲು ಬಿಡಿಸೋ ಮಂತ್ರ ಹಾಕಿ ನೋಡ್ತಾನೆ, ಆಗಲ್ಲ. ಬೇರೆಯವರು ಮಾಡಿದ ಶಾಪ ಆಗಿದ್ರೆ ಬಿಡ್ತಿತ್ತು, ತಾವೇ ಇಷ್ಟಪಟ್ಟು ಆದದ್ದು ಹೇಗೆ ಬಿಡುತ್ತೆ? ಈ ದೃಶ್ಯದ ಬಗ್ಗೆ ಹೊರಗಿನವರು ಪುಟಗಟ್ಟಲೆ ಬರೆದಿದ್ದಾರೆ. ಹಾಸನದವರಿಗೆ ಅಷ್ಟು ಬೇಕಾಗಿಲ್ಲ. ದೀಪಾವಳಿ ಆಸುಪಾಸಿನಲ್ಲಿ ಹಾಸನಾಂಬ ದೇವಿ ಬಾಗಿಲು ತೆಗೆದಾಗ ಹೋದವರೆಲ್ಲ ಅಲ್ಲೇ ಕಳ್ಳಪ್ಪನ ಗುಡಿ ನೋಡಿರ್ತೀರಿ, ಕಲ್ಲಾದ ಕಳ್ಳರ ಕಥೆ ಕೇಳಿರ್ತೀರಿ, ವರ್ಷಕ್ಕೆ ಇಷ್ಟಿಷ್ಟೇ ದೇವಿ ಕಡೆಗೆ ಸರಿಯೋ ಸೊಸೆ ಕಲ್ಲಿನ ಕಥೆನೂ ಕೇಳಿರ್ತೀರಿ. ಮನುಷ್ಯರು ಕಲ್ಲಾಗೋದು ನಮಗೆ ಮನೆ ಮಾತು.

ಇನ್ನೊಂದು ತಮಾಷೆ. ರಿಡಿಯಾ ಯುದ್ಧದಲ್ಲಿ ದೇವತೆಗಳನ್ನ ಕರೀತಾಳೆ. ಹಿಮ ಸುರಿಸೋ ದೇವತೆ ಹೆಸರು ಶಿವಾ, ಅದೂ ಹೆಂಗಸು! ಆ ದೇವತೆಗಳ ರಾಣಿ ಹೆಸರು ಅಸುರಾ, ಮೂರು ಮುಖ. ಜಪಾನಿಯವರು ನಮ್ಮ ಪುರಾಣವನ್ನ ದೂರದಿಂದ ಕೇಳಿಸಿಕೊಂಡು ತಮಗೆ ಬೇಕಾದ ಹಾಗೆ ತಿರುವಿದ್ದಾರೆ. 1991ರ ನವೆಂಬರಿನಲ್ಲಿ ಅಮೆರಿಕಕ್ಕೆ ಬಂದಾಗ (ಅಲ್ಲಿ ಅದರ ಹೆಸರು ಫೈನಲ್ ಫ್ಯಾಂಟಸಿ 2, ನಡುವಿನ ಎರಡು ಆಟ ಅವರಿಗೆ ಸಿಕ್ಕೇ ಇರಲಿಲ್ಲ) ಇನ್ನೂ ಮಜಾ ಆಯ್ತು. ಮಕ್ಕಳ ಆಟದಲ್ಲಿ ಧರ್ಮದ ಮಾತು ಬೇಡ ಅಂತ "ಹೋಲಿ" ಅನ್ನೋ ಮಂತ್ರವನ್ನ "ವೈಟ್" ಅಂತ ಮಾಡಿದ್ರು, ಪ್ರಾರ್ಥನೆಯ ಗೋಪುರವನ್ನ ಹಾರೈಕೆಯ ಗೋಪುರ ಮಾಡಿದ್ರು. ಆದ್ರೆ ಶಿವಾ ಹಾಗೇ ಉಳಿದ್ಲು. ಅದು ಸಾಲದು ಅಂತ ರಾಮು ಅನ್ನೋ ಸಿಡಿಲಿನ ಮುದುಕನ ಹೆಸರು ತೆಗೆದು ಇಂದ್ರ ಅಂತ ಇಟ್ರು! ನಾವು ಆಡಿದ್ದು ಆ ರೂಪವನ್ನೇ. ಸಿಡಿಲು ಹೊಡೆಯೋನು ಇಂದ್ರ ಅಂತ ಓದಿ ಗೆಳೆಯ "ನೋಡು, ಇದು ನಮ್ಮೋರೇ ಬರೆದಿರೋದು" ಅಂದಿದ್ದ. ಡಿಎಸ್‌ನಲ್ಲಿ ಅವನು ಮತ್ತೆ ರಾಮು ಆಗಿದ್ದಾನೆ. ಮೂಲಕ್ಕೆ ಅದೇ ಸರಿ, ಆದ್ರೂ ನನಗೆ ಒಂಚೂರು ಬೇಜಾರು.

ಅದೇ ಅಮೆರಿಕದ ರೂಪದಲ್ಲಿ ಆಟವನ್ನ ಸಿಕ್ಕಾಪಟ್ಟೆ ಸುಲಭ ಮಾಡಿದ್ರು, ಎಷ್ಟೋ ವಸ್ತು, ಎಷ್ಟೋ ಶಕ್ತಿಗಳನ್ನ ಕಿತ್ತುಹಾಕಿದ್ರು. ಮಾತುಗಳನ್ನೂ ಚುಟುಕು ಮಾಡಿದ್ರು. ಅಂದ್ರೆ ನಾನು ಅರಕಲಗೂಡಲ್ಲಿ ಆಡಿದ್ದು ನೀರು ಬೆರೆಸಿದ ಹಾಲು.

ಡಿಎಸ್ ಮರುರೂಪ ಜಪಾನಿನಲ್ಲಿ ಬಂದದ್ದು 2007ರ ಡಿಸೆಂಬರ್, ಅಮೆರಿಕದಲ್ಲಿ 2008ರ ಜುಲೈ. ಮಾಡಿದ್ದು ಮ್ಯಾಟ್ರಿಕ್ಸ್ ಸಾಫ್ಟ್‌ವೇರ್ ಅನ್ನೋ ಕಂಪನಿ, ನಿರ್ದೇಶಕ ತಕಾಶಿ ತೋಕಿತಾ. ಮೂಲ ಆಟದ ಮುಖ್ಯ ವಿನ್ಯಾಸಕಾರರೂ ಅವರೇ. ಬರೆದವರೇ ಹದಿನಾರು ವರ್ಷ ಬಿಟ್ಟು ಮತ್ತೆ ತಿದ್ದಿದ ಕಾದಂಬರಿ ಅಂದುಕೊಳ್ಳಿ. ಕೈಯಲ್ಲಿ ಹಿಡಿಯೋ ಯಂತ್ರಗಳಿಗೆ ಅದಕ್ಕೂ ಮುಂಚೆ ಬಂದಿತ್ತು, 2002ರಲ್ಲಿ ವಂಡರ್‌ಸ್ವಾನ್ ಕಲರ್‌ಗೆ, 2005ರಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗೆ. ಆದ್ರೆ ಅವು ಹಳೇ ಚಿತ್ರಕ್ಕೆ ಪಾಲಿಶ್ ಮಾಡಿದ್ದು. ಡಿಎಸ್‌ನಲ್ಲಿ ಎಲ್ಲವನ್ನೂ ಮೂರು ಆಯಾಮದಲ್ಲಿ ಹೊಸದಾಗಿ ಕಟ್ಟಿದ್ರು. ನನ್ನ ಡಿಎಸ್ 2009ರಲ್ಲಿ ಅಮೆರಿಕದಲ್ಲಿದ್ದ ಚಿಕ್ಕಪ್ಪನ ಮಗ ತಂದುಕೊಟ್ಟದ್ದು. ಇವತ್ತಿಗೂ ಕೆಲಸ ಮಾಡುತ್ತೆ, ಬಲಗಡೆ ಕೀಲು ಮಾತ್ರ ಸ್ವಲ್ಪ ಲಟಕು. ಹೋದ ವರ್ಷ ದಸರಾ ರಜದಲ್ಲಿ ಮತ್ತೆ ಮೊದಲಿಂದ ಶುರು ಮಾಡಿದೆ. ಹಾಸನದಿಂದ ಹೊಳೆನರಸೀಪುರಕ್ಕೆ, ಅಲ್ಲಿಂದ ಅರಕಲಗೂಡಿಗೆ, ಇನ್ನೊಂದು ದಿನ ಚನ್ನರಾಯಪಟ್ಟಣಕ್ಕೆ, ನೆಂಟರ ಮನೆ ತಿರುಗಾಟದ ಕೆಂಪು ಬಸ್ಸುಗಳಲ್ಲೇ ಮುಕ್ಕಾಲು ಆಟ ಮುಗೀತು. ಇಳಿಯೋ ಸ್ಟಾಪ್ ಬಂದ್ರೆ ಮುಚ್ಚಳ ಮುಚ್ಚಿದ್ರೆ ಸಾಕು, ಆಟ ನಿದ್ದೆ ಹೋಗುತ್ತೆ. ಮತ್ತೆ ತೆರೆದ್ರೆ ಬಿಟ್ಟ ಜಾಗದಿಂದಲೇ ಶುರು. ಪುಸ್ತಕದಲ್ಲಿ ಬೆರಳಿಟ್ಟು ಮುಚ್ಚಿದ ಹಾಗೆ. ಈ ಥರದ ಆಟಕ್ಕೆ ಟಿವಿಗಿಂತ ಇದೇ ಸರಿಯಾದ ಜಾಗ ಅಂತ ನನಗೆ ಅನ್ನಿಸಿಬಿಟ್ಟಿದೆ.

ಚನ್ನರಾಯಪಟ್ಟಣದ ಪಕ್ಕದ ಹಳ್ಳಿಯಲ್ಲಿ ನಮ್ಮ ದೊಡ್ಡಪ್ಪ ಇದ್ದಾರೆ. ಪ್ರಾಯದಲ್ಲಿ ಕುರುಕ್ಷೇತ್ರದ ಕರ್ಣ ಮಾಡ್ತಿದ್ರು. ಬೇರೆ ಕಡೆಯ ಓದುಗರಿಗೆ ಹೇಳಿಬಿಡ್ತೀನಿ, ನಮ್ಮ ಕಡೆ ಪೌರಾಣಿಕ ನಾಟಕ ಅಂದ್ರೆ ಸಂಬಳ ತಗೊಳ್ಳೋ ನಟರಲ್ಲ. ಊರಿನವರೇ ಕೈಯಿಂದ ದುಡ್ಡು ಹಾಕಿ ಪಾತ್ರ ತಗೋತಾರೆ, ದುರ್ಯೋಧನನಿಗೆ ಹೆಚ್ಚು, ಸಣ್ಣ ಪಾತ್ರಕ್ಕೆ ಕಮ್ಮಿ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಹಾಡು ಮಾತು ಕಲಿಸ್ತಾರೆ, ಸೀನರಿ ಡ್ರೆಸ್ಸು ಬಾಡಿಗೆಗೆ ಬರುತ್ತೆ, ರಾತ್ರಿಯಿಡೀ ಆಟ. ಹಾಸನದ ಹಾಸನಾಂಬ ಕಲಾಕ್ಷೇತ್ರದಲ್ಲಿ ಕುರುಕ್ಷೇತ್ರ ಆಡಿದವರು ಅದನ್ನ ಜೀವಮಾನ ಪೂರ್ತಿ ಹೇಳಿಕೊಳ್ತಾರೆ. ಕಾಸು ಕೊಟ್ಟು ಪಾತ್ರ ಹಿಡಿಯೋದು, ಗೊತ್ತಿರೋ ಕಥೆಯೊಳಗೆ ತಾನು ಹೋಗಿ ನಿಲ್ಲೋದು, ರೋಲ್ ಪ್ಲೇಯಿಂಗ್ ಅಂದ್ರೆ ಇದಲ್ದೆ ಇನ್ನೇನು?

ಜಗಲಿ ಮೇಲೆ ಕೂತು ನಾನು ಆಡ್ತಿದ್ದಾಗ ದೊಡ್ಡಪ್ಪ ಪಕ್ಕಕ್ಕೆ ಬಂದು ಕೂತ್ರು.

"ಏನ್ಲಾ ಮಗ ಅದು, ಆವಾಗ್ಲಿಂದ ಅದುನ್ನೇ ಗಿಂಜ್ತಾ ಕುಂತಿದೀಯಲ್ಲ?"

ಕಥೆ ಹೇಳಿದೆ. ಸೆಸಿಲ್ ಅನಾಥ, ರಾಜ ಸಾಕಿದ್ದು. ಎದುರಾಳಿ ಗೋಲ್ಬೆಜ್, ಕರಿ ಕವಚ, ಯಾರಿಗೂ ಮುಖ ತೋರಿಸಲ್ಲ. ಕೊಲ್ಲೋ ಅವಕಾಶ ಸಿಕ್ಕಿದ್ರೂ ಒಂದು ಸಲ ಸೆಸಿಲ್‌ನ ಕೊಲ್ಲದೆ ಬಿಟ್ಟುಬಿಡ್ತಾನೆ. ಅಷ್ಟೇ ಹೇಳಿದ್ದು.

ದೊಡ್ಡಪ್ಪ ಎಲೆ ಅಡಿಕೆ ಉಗಿದು ಬಂದು, "ಹಂಗಾರೆ ಅವ್ನು ಇವುನ್ ಅಣ್ಣ ಕಣ್ಲಾ. ಕರ್ಣ ಅವ್ನು" ಅಂದ್ರು.

ನಾನು ದಂಗಾಗಿ ಹೋದೆ. ಆಟದ ಮುಕ್ಕಾಲು ಭಾಗ ಮುಗಿದ ಮೇಲೆ ಬಯಲಾಗೋ ಗುಟ್ಟು ಅದು! ಗೋಲ್ಬೆಜ್ ನಿಜವಾಗಲೂ ಸೆಸಿಲ್‌ನ ಒಡಹುಟ್ಟಿದ ಅಣ್ಣ. ಇಬ್ಬರ ಅಪ್ಪ ಚಂದ್ರನಿಂದ ಬಂದವನು (ಸೂರ್ಯನ ಬದಲು ಚಂದ್ರ, ಅಷ್ಟೇ ವ್ಯತ್ಯಾಸ). ತಮ್ಮ ಹುಟ್ಟುವಾಗ ಅಮ್ಮ ಸತ್ತಳು ಅನ್ನೋ ಸಂಕಟದಲ್ಲಿದ್ದ ಹುಡುಗನ ತಲೆಯೊಳಗೆ ಚಂದ್ರನಲ್ಲಿ ಮಲಗಿರೋ ಝೀಮಸ್ ಅನ್ನೋ ದುಷ್ಟ ಹೊಕ್ಕಿದ್ದಾನೆ. ಶಕುನಿ ಅಂತ ಇಟ್ಕೊಳ್ಳಿ. ಕರ್ಣನಿಗೆ ತಾನು ಯಾರು ಅಂತ ಗೊತ್ತಾಗೋದು ತಡವಾಗಿ, ಇಲ್ಲೂ ಹಾಗೇ.

ಅವತ್ತೇ ನನಗೆ ಡಿಎಸ್ ರೂಪದ ಮರ್ಮ ಗೊತ್ತಾಗಿದ್ದು. ಕುರುಕ್ಷೇತ್ರ ನೋಡೋಕೆ ಬರೋ ಒಬ್ಬನಿಗೂ ಕರ್ಣ ಯಾರು ಅಂತ ಗೊತ್ತಿಲ್ಲದೆ ಇಲ್ಲ. ಗೊತ್ತಿರೋದ್ರಿಂದಲೇ ಕರ್ಣ ಕುಂತಿ ದೃಶ್ಯಕ್ಕೆ ಕಣ್ಣೊರೆಸಿಕೊಳ್ತಾರೆ. ಮೊದಲ ಸಲ ಆಡಿದಾಗ ಗೋಲ್ಬೆಜ್ ನನಗೆ ಬರೀ ವಿಲನ್ನು. ಈ ಸಲ ಅವನು ತೆರೆ ಮೇಲೆ ಬಂದಾಗಲೆಲ್ಲ ಎದೆ ಭಾರ. ತೋಕಿತಾ ಮತ್ತವರ ತಂಡ ಹೊಸದಾಗಿ ಸೇರಿಸಿದ ದೃಶ್ಯಗಳನ್ನ ನೋಡಿ, ಗೋಲ್ಬೆಜ್‌ನ ಬಾಲ್ಯ, ಅಪ್ಪ ಅಮ್ಮ, ಎಲ್ಲ ಗೊತ್ತಿದ್ದವರಿಗಾಗಿಯೇ ಹಾಕಿದ್ದು. ಮೆನು ತೆರೆದ್ರೆ ಆ ಹೊತ್ತಿಗೆ ಮುಂದೆ ನಿಂತಿರೋ ಪಾತ್ರ ಮನಸ್ಸಲ್ಲಿ ಏನು ಅಂದುಕೊಳ್ತಿದೆ ಅನ್ನೋದು ಕಾಣಿಸುತ್ತೆ. ಮೂಲದಲ್ಲಿ ಇದು ಇರಲಿಲ್ಲ. ಗೆಳೆಯ ಕೇನ್ ಅನ್ನೋನು ಮುಂದೆ ದ್ರೋಹ ಮಾಡ್ತಾನೆ ಅಂತ ಗೊತ್ತಿದ್ದು ಅವನ ಮನಸ್ಸಿನ ಮಾತು ಓದೋದೇ ಬೇರೆ.

ಎಲ್ಲವೂ ಹೊಗಳೋ ಹಾಗಿಲ್ಲ. ಮುಖ್ಯ ದೃಶ್ಯಗಳಿಗೆ ಧ್ವನಿ ಕೊಟ್ಟಿದ್ದಾರೆ. ನನ್ನ ಪಾಲಿಗೆ ಅದು ನಷ್ಟ. ಹದಿನಾರು ಚುಕ್ಕಿ ಅಗಲದ ಬೊಂಬೆ ತಲೆ ತಗ್ಗಿಸಿ ನಿಂತಾಗ ಅದರ ದನಿ ನಾನು ಕೇಳಿಸಿಕೊಳ್ತಿದ್ದೆ, ಅದೂ ಅರಕಲಗೂಡು ಕನ್ನಡದಲ್ಲಿ! ಈಗ ಯಾರೋ ಅಮೆರಿಕದವರು ಘನಗಂಭೀರವಾಗಿ ಮಾತಾಡ್ತಾರೆ. ಮುಖಗಳೂ ಅಷ್ಟೇ, ದೊಡ್ಡ ತಲೆ ಪುಟ್ಟ ಮೈ, ಗಂಭೀರ ದೃಶ್ಯದಲ್ಲಿ ಒಮ್ಮೊಮ್ಮೆ ನಗು ಬರುತ್ತೆ. ನೋಬುವೊ ಉಎಮಾತ್ಸು ಅವರ ಸಂಗೀತಕ್ಕೆ ಮಾತ್ರ ಏನೂ ಆಗಿಲ್ಲ. ಅದರ ಪ್ರೇಮದ ರಾಗವನ್ನ ಜಪಾನಿನ ಶಾಲೆಗಳ ಸಂಗೀತ ಪಾಠದಲ್ಲೂ ಸೇರಿಸಿದ್ದರು ಅಂದಮೇಲೆ ಹೆಚ್ಚು ಹೇಳೋದೇನಿದೆ.

ಕಷ್ಟದ ವಿಷಯ. ಡಿಎಸ್ ರೂಪ ಗಟ್ಟಿ ಕಾಯಿ. ಶುರುವಿನಲ್ಲೇ ಬರೋ ಆಂಟ್‌ಲಯನ್ ಅನ್ನೋ ಹುಳದ ಹತ್ರ ಎಷ್ಟು ಜನ ಯಂತ್ರ ಎತ್ತಿ ಬಿಸಾಕಿದ್ದಾರೋ! ಇಲ್ಲಿ ಕಾಳಗದಲ್ಲಿ ಕಾಲ ನಿಲ್ಲಲ್ಲ, ಹಿರೋಯುಕಿ ಇತೊ ರೂಪಿಸಿದ ಈ ಪದ್ಧತಿ ಮೊದಲು ಬಂದದ್ದೇ ಈ ಆಟದಲ್ಲಿ. ಕುರುಕ್ಷೇತ್ರದಲ್ಲಿ ದುರ್ಯೋಧನ ಕಂದ ಹಾಡಿ ಮುಗಿಸೋ ತನಕ ಭೀಮ ಗದೆ ಊರಿಕೊಂಡು ಕಾಯ್ತಾನೆ. ಇಲ್ಲಿ ನಾವು ಯೋಚನೆ ಮಾಡ್ತಾ ಕೂತ್ರೆ ಎದುರಾಳಿ ಕಾಯಲ್ಲ, ಬಾರಿಸ್ತಾನೆ. ಇನ್ನೊಂದು ಹೊಸ ವ್ಯವಸ್ಥೆ ನನಗೆ ತುಂಬಾ ಹಿಡಿಸ್ತು. ಜೊತೆ ಬಿಟ್ಟು ಹೋಗೋ ಪಾತ್ರಗಳು ತಮ್ಮ ವಿದ್ಯೆಯನ್ನ ಉಳಿದವರಿಗೆ ಬಿಟ್ಟು ಹೋಗ್ತಾರೆ. ಹೋಗೋರು ಅಂತ ಗೊತ್ತಿದ್ದೂ ಅವರಿಗೆ ನಾವು ವಿದ್ಯೆ ಕಲಿಸಿದ್ರೆ, ಅವರು ಹೋಗುವಾಗ ಹೆಚ್ಚು ವಿದ್ಯೆ ನಮಗೆ ಸಿಗುತ್ತೆ. ಮೊದಲ ಸಲ ಆಡೋನು ಇದನ್ನ ಮಾಡೋಕೆ ಸಾಧ್ಯವೇ ಇಲ್ಲ, ಯಾರು ಹೋಗ್ತಾರೆ ಅಂತ ಅವನಿಗೇನು ಗೊತ್ತು? ಕಥೆ ಬಲ್ಲವರಿಗೆ ಅಂತಲೇ ಮಾಡಿದ್ದು ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಕಾ?

ಈಗ ಹೊಳೆನರಸೀಪುರ. ಅಕ್ಕನ ಮಗ ಐದನೇ ಕ್ಲಾಸು, ಕನ್ನಡ ಮೀಡಿಯಂ. ಸಿಕ್ಕಿದ್ದೆಲ್ಲ ಓದೋ ಹುಡುಗ, ದಿನಪತ್ರಿಕೆ ಸುತ್ತಿದ ಪೊಟ್ಟಣ ಬಿಚ್ಚಿದ್ರೂ ಬಿಡಲ್ಲ. ಅವನ ಕೈಗೆ ಡಿಎಸ್ ಕೊಟ್ಟೆ. ಹತ್ತು ನಿಮಿಷ ಆಡಿದ. ಮಾತು ಬಂದಾಗಲೆಲ್ಲ ಗುಂಡಿ ಒತ್ತಿ ಒತ್ತಿ ಮುಂದೆ ಓಡಿಸಿದ. ಹಳ್ಳಿ ಸುಟ್ಟಿತು, ಆ ಹುಡುಗಿಯ ಅಮ್ಮ ಸತ್ತದ್ದೂ ಹಾಗೇ ಹಾರಿಹೋಯ್ತು. ಆಮೇಲೆ ವಾಪಸ್ ಕೊಟ್ಟು "ಮಾವ, ಇದ್ರಲ್ಲಿ ಬರೀ ಇಂಗ್ಲೀಷ್ ಓದೋದೇ ಇದೆ" ಅಂದ. ಗೇಮ್ ಬೋರು ಅಂತ ಅವನು ಅನ್ನಲಿಲ್ಲ ನೋಡಿ. ಓದೋ ಹುಡುಗನಿಗೆ ಓದೋ ಆಟ ಕೊಟ್ಟೂ ಅವನು ಒಳಗೆ ಹೋಗೋಕೆ ಆಗಲಿಲ್ಲ. ನಾನು ಪಕ್ಕದಲ್ಲಿ ಕೂತು ಒಂದೊಂದೇ ಮಾತು ಕನ್ನಡದಲ್ಲಿ ಹೇಳ್ತಾ ಹೋದೆ. ರಾತ್ರಿ ಊಟಕ್ಕೆ ಕರೆದ್ರೂ ಏಳಲಿಲ್ಲ. ಅಕ್ಕ ಇಬ್ಬರಿಗೂ ಬೈದಳು.

ಈ ಆಟದ ಮೂರು ಆಯಾಮದ ರೂಪ ಆಮೇಲೆ ಫೋನುಗಳಿಗೂ ಬಂತು, 2012ರಲ್ಲಿ ಐಫೋನಿಗೆ, 2013ರಲ್ಲಿ ಆಂಡ್ರಾಯ್ಡಿಗೆ. 2021ರಲ್ಲಿ ಹಳೇ ಶೈಲಿಯ ಚಿತ್ರ ತಿದ್ದಿದ ಪಿಕ್ಸೆಲ್ ರಿಮಾಸ್ಟರ್ ಅನ್ನೋ ಇನ್ನೊಂದು ರೂಪ ಬಂತು. ಅದರಲ್ಲಿ ಹನ್ನೆರಡು ಭಾಷೆ ಇವೆ. ರಷ್ಯನ್, ಬ್ರೆಜಿಲ್ಲಿನ ಪೋರ್ಚುಗೀಸ್, ಕೊರಿಯನ್, ಥಾಯ್ ಎಲ್ಲ ಇವೆ. ಕನ್ನಡ ಬಿಡಿ, ಭಾರತದ ಒಂದು ಭಾಷೆಯೂ ಇಲ್ಲ. ಶಿವ, ಅಸುರ ಮಾತ್ರ ಬೇಕು! ಥಾಯ್ ಲಿಪಿ ಕನ್ನಡದ ದೂರದ ನೆಂಟ, ಅದಕ್ಕೂ ಮೇಲೆ ಕೆಳಗೆ ಗುರುತುಗಳಿವೆ. ಅದು ಪರದೆ ಮೇಲೆ ಕೂತ್ರೆ ನಮ್ಮದು ಯಾಕೆ ಕೂರಲ್ಲ?

ಒತ್ತಕ್ಷರದ ಕಷ್ಟ ನನಗೂ ಗೊತ್ತು ಮಾರಾಯ್ರೆ. ಯೂನಿಕೋಡ್ ಅಂತ ಒದ್ದಾಡಿದ ನಮಗೆಲ್ಲ ಅದು ಹಳೇ ಗಾಯ. ಕನ್ನಡ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಸೇರಿದ್ದು 1991ರ ಅಕ್ಟೋಬರ್, ಈ ಆಟ ಹುಟ್ಟಿದ ಮೂರೇ ತಿಂಗಳಿಗೆ. ಆದ್ರೆ ಸಾಮಾನ್ಯ ಕಂಪ್ಯೂಟರಿನಲ್ಲಿ ಒತ್ತು ಸರಿಯಾಗಿ ಕಾಣೋಕೆ ವಿಂಡೋಸ್ ಎಕ್ಸ್‌ಪಿ, ತುಂಗಾ ಫಾಂಟು ಅಂತ 2001ರ ತನಕ ಕಾಯಬೇಕಾಯ್ತು. ಆಮೇಲೂ ಎಷ್ಟು ಚೌಕ ಡಬ್ಬಿಗಳನ್ನ ನೋಡಿದ್ವಿ! ಹಳೇ ಆಟದ ಯಂತ್ರದಲ್ಲಿ ಒಂದು ಅಕ್ಷರಕ್ಕೆ ಸಿಗೋದು 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರದ ಒಂದು ಚೌಕ. "ಸ್ತ್ರೀ" ಅನ್ನೋದನ್ನ ಅದರಲ್ಲಿ ಹೇಗೆ ಬರೀತೀರಿ? ಆದ್ರೆ ಜಪಾನಿಯವರಿಗೂ ಇದೇ ಸಮಸ್ಯೆ ಇತ್ತು. ಅವರ "ಕ" ಅಕ್ಷರ "ಗ" ಆಗಬೇಕಾದ್ರೆ ಮೇಲೆ ಎರಡು ಗೀಟು ಹಾಕಬೇಕು. ಫ್ಯಾಮಿಕಾಮ್ ಕಾಲದ ಆಟಗಳಲ್ಲಿ ಆ ಗೀಟಿಗೆ ಚೌಕದೊಳಗೆ ಜಾಗ ಇಲ್ಲ ಅಂತ ಮೇಲಿನ ಸಾಲಿನ ಚೌಕದಲ್ಲಿ ಇಡ್ತಿದ್ರು. ಅವರು ಮೇಲಿನ ಸಾಲು ಬಳಸಿದ ಹಾಗೆ ನಾವು ಕೆಳಗಿನ ಸಾಲು ಬಳಸಬಹುದಲ್ವಾ, ಒತ್ತಿಗೆ ಅಂತಲೇ? ಒಂದು ಪರದೆಗೆ ಸಾಲು ಕಮ್ಮಿ ಆಗುತ್ತೆ, ಗುಂಡಿ ಎರಡು ಸಲ ಹೆಚ್ಚು ಒತ್ತಬೇಕು. ಆಗಲಿ ಬಿಡಿ.

ಕಂಪನಿ ಮಾಡ್ಲಿ ಅಂತ ಕಾಯೋದು ಒಂದು ದಾರಿ. ಇನ್ನೊಂದೂ ಇದೆ. ಫೈನಲ್ ಫ್ಯಾಂಟಸಿ 5 ಇಂಗ್ಲೀಷಿಗೆ ಅಧಿಕೃತವಾಗಿ ಬಂದದ್ದು 1999ರಲ್ಲಿ. ಅದಕ್ಕೂ ಮುಂಚೆಯೇ ಆರ್‌ಪಿಜಿಇ ಅಂತ ಹೆಸರಿಟ್ಟುಕೊಂಡ ಹವ್ಯಾಸಿ ಗುಂಪೊಂದು, ಅದರಲ್ಲಿ ಹದಿಹರೆಯದವರೂ ಇದ್ರು, ಇಡೀ ಆಟವನ್ನ ಇಂಗ್ಲೀಷಿಗೆ ತಂದುಬಿಟ್ಟಿತ್ತು. ಅವರು ಹಂಚಿದ್ದು ಆಟವನ್ನಲ್ಲ, ಅದರ ಮೇಲೆ ಅಂಟಿಸೋ ತೇಪೆಯನ್ನ ಮಾತ್ರ. ಕಾನೂನಿನ ಪ್ರಕಾರ ಇದು ಪೂರ್ತಿ ಬಿಳಿಯೂ ಅಲ್ಲ, ಕರಿಯೂ ಅಲ್ಲ ಅನ್ನೋದು ನೆನಪಿರಲಿ. ಆದ್ರೆ ಕನ್ನಡ ವಿಕಿಪೀಡಿಯವನ್ನ 2003ರಿಂದ ಸಂಬಳ ಇಲ್ಲದೆ ಕಟ್ಟಿದವರು, ಲಿನಕ್ಸ್ ಮೆನುಗಳಿಗೆ ರಾತ್ರಿಯಿಡೀ ಕೂತು ಕನ್ನಡ ಪದ ಹುಡುಕಿದವರು ನಮ್ಮ ನಡುವೆಯೇ ಇದ್ದಾರೆ. ಇಡೀ ಆಟವೇ ಒಂದು ಎಂಬಿ ಅಂದ್ರೆ ಅದರಲ್ಲಿ ಮಾತು ಎಷ್ಟಿರುತ್ತೆ ಲೆಕ್ಕ ಹಾಕಿ. ಅದು ನಾಲ್ಕೈದು ಜನ ಹಂಚಿಕೊಂಡು ಮಾಡೋ ಕೆಲಸ.

ಹೊರಗಿನ ಸರಕು ಯಾಕೆ, ನಮ್ಮದೇ ಆಟ ಮಾಡೋಣ ಅನ್ನೋರಿಗೆ, ಖಂಡಿತ ಮಾಡೋಣ. ಆದ್ರೆ ಬಿಎಂಶ್ರೀ ಇಂಗ್ಲಿಷ್ ಗೀತಗಳನ್ನ ಕನ್ನಡಕ್ಕೆ ತಂದದ್ದರಿಂದ ಹೊಸಗನ್ನಡ ಕವಿತೆಗೆ ಲಾಭವೇ ಆಯ್ತು. ಡಬ್ಬಿಂಗ್ ಬಗ್ಗೆ ನಾವೆಲ್ಲ ವರ್ಷಗಟ್ಟಲೆ ಕಿತ್ತಾಡಿದ್ವಿ. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯೋ ಹಾಗಿಲ್ಲ ಅಂದ ಮೇಲೆ ಆ ಗಲಾಟೆ ತಣ್ಣಗಾಯ್ತು. ಇಲ್ಲಿ ಆ ವಾದಕ್ಕೂ ಜಾಗ ಇಲ್ಲ. ನಾನು ಕೇಳ್ತಿರೋದು ದನಿಯನ್ನಲ್ಲ, ಬರೀ ಅಕ್ಷರವನ್ನ. ಯಾರ ಅನ್ನವೂ ಹೋಗಲ್ಲ. ಅನಕೃ ಅವರ ಹೆಸರಿನ ಮೊದಲಕ್ಷರದಲ್ಲೇ ಅರಕಲಗೂಡು ಇದೆ. ಆ ತಾಲ್ಲೂಕಿನ ಹುಡುಗ ಒಂದು ಆಟವನ್ನ ಕನ್ನಡದಲ್ಲಿ ಓದೋಕೆ ಆಗಲ್ಲ ಅಂದ್ರೆ ಹೇಗೆ?

ನಾನು ಮೊದಲ ಅಧ್ಯಾಯದ ಮಾತುಗಳನ್ನ ಒಂದು ನೋಟ್‌ಬುಕ್ಕಿನಲ್ಲಿ ಶುರು ಮಾಡಿದ್ದೀನಿ. ಅಕ್ಕನ ಮಗನೇ ಪರೀಕ್ಷಕ, ಅವನಿಗೆ ಅರ್ಥ ಆಗದ ಸಾಲು ಹೊಡೆದು ಹಾಕ್ತೀನಿ. ಮೂರು ಕಡೆ ಸಿಕ್ಕಿಬಿದ್ದಿದ್ದೀನಿ. "ಡಾರ್ಕ್ ನೈಟ್" ಅನ್ನೋದಕ್ಕೆ ಕರಿವೀರ ಅಂದ್ರೆ ಸಪ್ಪೆ, ತಮೋಯೋಧ ಅಂದ್ರೆ ಹುಡುಗನಿಗೆ ಅರ್ಥ ಆಗಲ್ಲ. ಸೆಸಿಲ್ ರಾಜನ ಹತ್ರ ಮಾತಾಡುವಾಗ ನಾಟಕದ ಭಾಷೆ ಇರಲೋ, ನಾವು ಮಾತಾಡೋ ಭಾಷೆ ಇರಲೋ? ಇನ್ನು ಮಗಳನ್ನ ಕರ್ಕೊಂಡು ಹೋದ ಹಾಡುಗಾರನಿಗೆ ಮುದುಕ ಟೆಲ್ಲಾ ಸಿಟ್ಟಲ್ಲಿ ಬೈತಾನಲ್ಲ, ಇಂಗ್ಲೀಷಿನವರು ಮೂವತ್ತು ವರ್ಷ ನಕ್ಕ ಆ ಬೈಗುಳಕ್ಕೆ ನಮ್ಮ ಕಡೆಯ ಒಂದು ಒಳ್ಳೇ ಬೈಗುಳ ಬೇಕು. ದೊಡ್ಡಪ್ಪನ ಕೇಳಿದೆ. ಅವರು ಹೇಳಿದ್ದು ಮಕ್ಕಳ ಮುಂದೆ ಬರೆಯೋ ಹಾಗಿಲ್ಲ :) ನಿಮ್ಮೂರಿನದ್ದು ಏನಾದ್ರೂ ಇದ್ರೆ ಹೇಳಿ.